ಹಜಾರದ ಕಂಪ್ಯೂಟರು

ಎನ್.ಆರ್. ಕಾಲೋನಿಯ ಶಿವಕುಮಾರಿಗೆ ದೇವರು ಕೊಟ್ಟ ಆಸ್ತಿ ಎಂದರೆ ಗಂಟಲೊಂದೇ. ಹಗಲು ವಿಮಾ ಕಚೇರಿಯಲ್ಲಿ ಗುಮಾಸ್ತೆ. ಸಂಜೆಯಾದರೆ ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಪಾಠಗಳನ್ನು ಓದಿ ರೆಕಾರ್ಡ್ ಮಾಡುವುದು, ಅದೂ ಸಂಬಳವಿಲ್ಲದೆ. "ಬಾಯಿದ್ದವರು ಬರದಲ್ಲೂ ಬದುಕ್ತಾರಂತೆ. ನಮ್ಮನೇಲಿ ಬಾಯೂ ಇದೆ, ಬರಾನೂ ಇದೆ" ಎಂದು ಅತ್ತೆ ಪಾರ್ವತಮ್ಮನ ಮಂಗಳಾರತಿ ದಿನವೂ ತಪ್ಪುತ್ತಿರಲಿಲ್ಲ.

ಹಜಾರದ ಕಂಪ್ಯೂಟರೋ ಹಿಟ್ಟಿನ ಗಿರಣಿಯಂತೆ ಗುಂಯ್ ಎನ್ನುತ್ತದೆ. ಆ ಸದ್ದು ಪಾಠದೊಳಗೆ ನುಗ್ಗದಿರಲೆಂದು ಅವಳು ಮೈಕಿನ ವೈರನ್ನು ಬಾಗಿಲ ಸಂದಿಯಲ್ಲಿ ಎಳೆದುಕೊಂಡು, ಸಾಮಾನಿನ ಕೋಣೆಯಲ್ಲಿ ಹಾಸಿಗೆಗಳ ನಡುವೆ ಕೂರುತ್ತಿದ್ದಳು. ತೊಡೆಯ ಮೇಲೆ ಸದ್ದು ಮಾಡದ ಪುಟ್ಟ ಲ್ಯಾಪ್‌ಟಾಪು. ಮನೆಯ ವೈಫೈ ಮೂಲಕ ಅದರಲ್ಲೇ ಹಜಾರದ ಕಂಪ್ಯೂಟರಿನ ಪರದೆ ಕಾಣುತ್ತದೆ. ಇಲ್ಲಿ ಬೆರಳಾಡಿಸಿದರೆ ಅಲ್ಲಿ ಬಾಣದ ಗುರುತು ಓಡುತ್ತದೆ. ಹೊರಗಿನ ಮಾನಿಟರ್ ಆರಿಸಿಯೇ ಒಳಗೆ ಹೋಗುವುದು ಅವಳ ವಾಡಿಕೆ.

ಅಂದು ಮರೆತಳು. ಮರೆಯದೆ ಇನ್ನೇನು? ಬೆಳಗಾದರೆ ಥೈರಾಯ್ಡ್ ಗಂಟಿನ ಆಪರೇಷನ್. "ದನಿ ಬದಲಾಗಬಹುದು. ಕೆಲವರಿಗೆ ವಾಪಸ್ ಬರೋದೇ ಇಲ್ಲ" ಎಂದಿದ್ದರು ಡಾಕ್ಟರು, ನಾಳೆ ಮಳೆ ಬರಬಹುದು ಎನ್ನುವಷ್ಟು ಸಲೀಸಾಗಿ. ಪಿಯುಸಿಯ ಇಂಚರಾಗೆ ಇತಿಹಾಸದ ಕೊನೇ ಪಾಠ ಇನ್ನೂ ಬಾಕಿ, ಪರೀಕ್ಷೆ ಸೋಮವಾರ. "ಮೇಡಂ, ನಿಮ್ಮ ದನೀಲಿ ಕೇಳಿದ್ರೇನೇ ನಂಗೆ ನೆನಪಿರೋದು" ಎಂದಿತ್ತು ಆ ಹುಡುಗಿ. ಇವತ್ತು ಓದದಿದ್ದರೆ ಮುಂದೆ ಓದಲು ದನಿ ಇರುತ್ತದೋ ಇಲ್ಲವೋ. ಶಿವಕುಮಾರಿಗೆ ಹೆದರಿಕೆಯೆಂದರೆ ಹೆದರಿಕೆ.

ಕೊನೇ ಪುಟದಲ್ಲಿ ಕೆಮ್ಮು ಬಂತು. ಅದನ್ನು ಕತ್ತರಿಸಲೆಂದು ಬಾಣವನ್ನು ಹಿಂದಕ್ಕೆ ಸರಿಸುತ್ತಿದ್ದಾಗ ಬಾಗಿಲಾಚೆ ಅತ್ತೆಯ ದನಿ ಕೇಳಿಸಿತು.

"ಯಾವನಯ್ಯಾ ನೀನು? ಇಲ್ಲಿ ಯಾರೂ ಕೂತಿಲ್ಲ, ತಾನಾಗೇ ಓಡಾಡ್ತಿದೆ."

ಹೋದ ವಾರವಷ್ಟೇ ಹಿರಿಯ ನಾಗರಿಕರ ಸಭೆಯಲ್ಲಿ ಪೊಲೀಸರು ಹೇಳಿದ್ದರು: ಬಾಣ ತಾನಾಗಿ ಓಡಾಡಿದರೆ ಕಳ್ಳ ಹೊಕ್ಕಿದ್ದಾನೆ ಎಂದರ್ಥ, ಮೊದಲು ವೈರ್ ಕೀಳಿ.

"ದುಡ್ಡು ಬೇಕಾದ್ರೆ ಬೇರೆ ಕಡೆ ನೋಡ್ಕೋ" ಎನ್ನುತ್ತಿದ್ದರು ಪಾರ್ವತಮ್ಮ. "ಇದರಲ್ಲಿ ನಮ್ಮ ಹುಡುಗಿ ದನಿ ಇದೆ. ನಾಳೆ ಅವಳ ಕತ್ತು ಕೊಯ್ತಾರೆ. ಅದೊಂದನ್ನ ಮುಟ್ಬೇಡಪ್ಪಾ."

ಶಿವಕುಮಾರಿ ಎದ್ದು ಬಾಗಿಲು ತೆರೆಯುವಷ್ಟರಲ್ಲಿ ಅವರು ಪ್ಲಗ್ ಕಿತ್ತಾಗಿತ್ತು. ಪಾಠವನ್ನು ಅವಳಿನ್ನೂ ಸೇವ್ ಮಾಡಿರಲಿಲ್ಲ.

"ಕಳ್ಳ ಅಲ್ಲ ಅತ್ತೆ, ನಾನು. ಒಳಗಿಂದ ನಾನೇ ಅದನ್ನ ಓಡಿಸ್ತಿದ್ದೆ."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗಿತ್ತು. "ನನ್ನ ಕೈ ಸೇದ್ಹೋಗ" ಎಂದು ಪಾರ್ವತಮ್ಮ ಅಲ್ಲೇ ಕುಸಿದು ಕೂತರು. ಬೈಯುವ ಬದಲು ಶಿವಕುಮಾರಿ ಬಗ್ಗಿ ಅವರನ್ನು ಎಬ್ಬಿಸಿದಳು. ಇಷ್ಟು ವರ್ಷ ಹಂಗಿಸಿದ ಹೆಂಗಸು ಒಬ್ಬ ಕಳ್ಳನ ಹತ್ತಿರ ತನ್ನ ದನಿಗಾಗಿ ಬೇಡಿದ್ದನ್ನು ಕೇಳಿಸಿಕೊಂಡಿದ್ದಳಲ್ಲ.

ಕಂಪ್ಯೂಟರನ್ನು ಮತ್ತೆ ಹಚ್ಚಿದಾಗ ಪುಣ್ಯಕ್ಕೆ ಪಾಠ ಬಹುಪಾಲು ಉಳಿದಿತ್ತು. ಕೊನೇ ಪುಟ ಮಾತ್ರ ಹೋಗಿತ್ತು. ಒಡಕು ದನಿಯಲ್ಲೇ ಅದನ್ನು ಇನ್ನೊಮ್ಮೆ ಓದಿ ಇಂಚರಾಗೆ ಕಳಿಸಿದಳು. ಅಲ್ಲಿಯವರೆಗೂ ಪಾರ್ವತಮ್ಮ ಪ್ಲಗ್ಗಿನ ಪಕ್ಕ ಸ್ಟೂಲ್ ಹಾಕಿಕೊಂಡು ಕಾವಲು ಕೂತರು.

ಆಪರೇಷನ್ ಆಗಿ ವಾರಗಳು ಕಳೆದರೂ ದನಿ ಮರಳಲಿಲ್ಲ. ಬಾಯಿ ತೆರೆದರೆ ಬರೀ ಗಾಳಿ. ಕಾಯಬೇಕು ಎಂದರು ಡಾಕ್ಟರು. ಮಲಗಿದಲ್ಲಿಂದಲೇ ಶಿವಕುಮಾರಿ ಲ್ಯಾಪ್‌ಟಾಪು ಹಿಡಿದು ಹಜಾರದ ಪರದೆಯ ಮೇಲೆ "ಅತ್ತೆ, ಗಂಜಿ ಸಾಕು" ಎಂದು ದೊಡ್ಡಕ್ಷರದಲ್ಲಿ ಬರೆಯುತ್ತಿದ್ದಳು. ಸಂಜೆ ಅತ್ತೆ ಕೇಳಿದರೆ ಅಲ್ಲಿಂದಲೇ ಯಾವುದಾದರೂ ಹಳೇ ಪಾಠ ಹಾಕುತ್ತಿದ್ದಳು. ಪಾರ್ವತಮ್ಮನಿಗೆ ಇತಿಹಾಸವೂ ಒಂದೇ, ಅರ್ಥಶಾಸ್ತ್ರವೂ ಒಂದೇ, ಕೂತು ಕೇಳುತ್ತಿದ್ದರು.

ಒಂದು ಸಂಜೆ ಹಾಗೆ ಪಾಠ ನಡೆಯುತ್ತಿದ್ದಾಗ ಗುಡುಗು ಸಿಡಿಲು ಶುರುವಾಯಿತು. ಶಿವಕುಮಾರಿಯ ಗಂಡ ಚಂದ್ರಶೇಖರ ಮನೆಯ ಪ್ಲಗ್ಗುಗಳನ್ನೆಲ್ಲ ಕೀಳುತ್ತಾ ಹಜಾರಕ್ಕೆ ಬಂದು ಕಂಪ್ಯೂಟರಿನ ವೈರಿಗೆ ಕೈ ಹಾಕಿದ. ಪಾರ್ವತಮ್ಮ ಮಗನ ಕೈ ಹಿಡಿದುಕೊಂಡರು.

"ಮುಟ್ಬೇಡ ಕಣೋ. ಅವಳು ಮಾತಾಡ್ತಿದಾಳೆ."