ಮೂರನೇ ಸಲ ಕೇಳುವ ಮೆಹನಾಜ

ಕೊಟ್ಟೂರಿನ ಮಂಡಕ್ಕಿ ಭಟ್ಟಿಯೊಳಗೆ ಇನ್ನೂ ಬೆಳಕು ಹರಿದಿಲ್ಲ. ಒಲೆಯ ಮುಂದೆ ನಿಂತು ಕಾದ ಮರಳಿನಲ್ಲಿ ಅಕ್ಕಿ ಹುರಿಯುತ್ತಿರುವವರು ಅಂಜಿನಕ್ಕ. ಹೊಗೆ ತಾಳದೆ ದುಪಟ್ಟಾವನ್ನು ಮೂಗಿಗೆ ಒತ್ತಿಕೊಂಡು ಪಕ್ಕದಲ್ಲಿ ಕೂತಿರುವವರು ಮೆಹನಾಜ. ಅಂಜಿನಕ್ಕನ ಸೊಂಟಕ್ಕೆ ಸಿಕ್ಕಿಸಿರುವ ಬೆಂಕಿಪೊಟ್ಟಣದಂಥ ಯಂತ್ರ ಇದ್ದಕ್ಕಿದ್ದಂತೆ ‘ಪೀಂ’ ಎನ್ನುತ್ತದೆ. ಅಂಜಿನಕ್ಕ ಕೈ ನಿಲ್ಲಿಸುವುದಿಲ್ಲ, ನಿಲ್ಲಿಸಿದರೆ ಅಕ್ಕಿ ಸೀಯುತ್ತದೆ. ಹುರಿದದ್ದನ್ನು ಜರಡಿಗೆ ಸುರಿದು ಮರಳು ಇಳಿಸಿದ ಮೇಲೆಯೇ ಇತ್ತ ತಿರುಗುತ್ತಾರೆ.

“ಸಪ್ಪಳ ಆಗೂಕಿಂತ ಮುಂಚೆ ಒಳಗ ಏನ್ ನಡದಿತ್ತಕ್ಕಾ?” ಎಂದು ಮೆಹನಾಜ ಕೇಳುತ್ತಾರೆ.

“ಏನಿಲ್ಲ ಬಿಡವ್ವ.”

ಮೆಹನಾಜ ಎದ್ದು ಹೋಗುವುದಿಲ್ಲ. ಒಂದು ಹಿಡಿ ಬಿಸಿ ಮಂಡಕ್ಕಿ ಬಾಯಿಗೆ ಹಾಕಿಕೊಂಡು, ಸ್ವಲ್ಪ ಹೊತ್ತು ಬಿಟ್ಟು ಅದನ್ನೇ ಕೇಳುತ್ತಾರೆ. “ದುಡಿಯಾ ಮಂದಿ, ನಮ್ದೇನಿರತೈತಿ” ಎಂದು ಅಂಜಿನಕ್ಕ ನಗುತ್ತಾರೆ. ಮೂರನೇ ಸಲ ಕೇಳಿದಾಗ ನಗು ನಿಲ್ಲುತ್ತದೆ. “ನಮ್ಮವ್ವನ ಕೈ ಕಾಣ್ತಿತ್ತು ನೋಡು. ಮಾರಿ ಇಲ್ಲ, ಬರೇ ಕೈ. ಜರಡಿ ಹಿಡದಿತ್ತು. ಆಕಿ ಸತ್ತು ಭಾಳ ವರ್ಷ ಆತು. ನಾ ಹುರಿಯಾಕತ್ತೀನೋ, ಆಕಿ ಹುರಿಯಾಕತ್ತಾಳೋ ತಿಳೀದಂಗ ಆಗಿತ್ತು.” ಮೆಹನಾಜ ಅದನ್ನು ಒಂದು ಅಕ್ಷರವೂ ತಿದ್ದದೆ ಬರೆದುಕೊಳ್ಳುತ್ತಾರೆ.

ಇದೇ ಅವರ ಕೆಲಸ. ಮನುಷ್ಯನ ಒಳಗೆ ಒಂದು ಗಳಿಗೆಯಲ್ಲಿ ಏನಿರುತ್ತದೆ, ಮಾತೋ, ಚಿತ್ರವೋ, ಬರೀ ಬೇಗುದಿಯೋ ಎಂದು ಅರಿಯಲು ದೊಡ್ಡ ಊರಿನ ಸಂಶೋಧನಾ ಸಂಸ್ಥೆಯೊಂದು ಈ ಸೀಮೆಯಲ್ಲಿ ಅಧ್ಯಯನ ನಡೆಸುತ್ತಿದೆ. ಯಂತ್ರ ಯಾವಾಗ ಕೂಗುತ್ತದೆಂದು ಕಟ್ಟಿಕೊಂಡವರಿಗೂ ಗೊತ್ತಿರುವುದಿಲ್ಲ. ಕೂಗಿದಾಗ ಅದಕ್ಕೆ ಮುಂಚಿನ ಗಳಿಗೆಯನ್ನು ಹಿಡಿದು ಹೇಳಬೇಕು. ದೂರಶಿಕ್ಷಣದಲ್ಲಿ ಮನಃಶಾಸ್ತ್ರದ ಎಂ.ಎ. ಮಾಡಿಕೊಂಡ ಮೆಹನಾಜ ಕೂಡ್ಲಿಗಿಯಿಂದ ಹಡಗಲಿವರೆಗೆ ಸಿಕ್ಕ ಬಸ್ಸು ಹತ್ತಿ, ಭಟ್ಟಿಗೆ, ಹೊಲಕ್ಕೆ, ಇಟ್ಟಿಗೆ ಗೂಡಿಗೆ ತಿರುಗುತ್ತಾರೆ. ತಂದೆ ಶೇಖಾವಲಿಯವರದು ಸೈಕಲ್ ರಿಪೇರಿ ಅಂಗಡಿ. “ಮಗಳು ಎಲ್ಲಿ ಕೆಲಸ ಮಾಡ್ತಾಳ ಅಂತ ಯಾರಾದ್ರೂ ಕೇಳಿದ್ರ ನಮ್ಮಪ್ಪ ‘ಮಂದಿ ತಲಿಯಾಗ’ ಅಂತಾನ್ರಿ” ಎಂದು, ಅವರ ಬಗ್ಗೆ ಬರೆಯಲು ಜೊತೆಗೆ ಬಂದಿರುವ ನನಗೆ ಹೇಳಿ ಮೆಹನಾಜ ನಗುತ್ತಾರೆ.

ಸಂಸ್ಥೆಯ ನಿಯಮವೆಂದರೆ ಒಂದೇ ಸಲ ಕೇಳಬೇಕು. ಕೆದಕಿ ಕೇಳಿದರೆ ಜನ ಇಲ್ಲದ್ದನ್ನೂ ಹುಟ್ಟಿಸಿ ಹೇಳುತ್ತಾರೆಂಬ ಅಂಜಿಕೆ. ಅಂಜಿಕೆ ಸುಳ್ಳಲ್ಲ, ಮೆಹನಾಜ ಕೂಡ ಒಪ್ಪುತ್ತಾರೆ. ಆದರೆ ಈ ಸೀಮೆಯಲ್ಲಿ ಮೊದಲ ಕರೆಗೇ ತಾಟಿನ ಮುಂದೆ ಕೂರುವವರು ಯಾರಿದ್ದಾರೆ? ಹೊಟ್ಟೆ ಚುರುಗುಟ್ಟುತ್ತಿದ್ದರೂ “ಈಗ ಉಂಡು ಬಂದ್ನಿ” ಎನ್ನುವುದೇ ಮರ್ಯಾದೆ. ಉಣ್ಣುವುದಕ್ಕೇ ಇಷ್ಟು ಉಪಚಾರ ಬೇಡುವ ಹೆಂಗಸು, ಎದೆಯೊಳಗಿನದನ್ನು ಮೊದಲ ಸಲಕ್ಕೇ ತೆಗೆದು ಕೊಡುತ್ತಾಳೆಯೇ? “ಏನಿಲ್ಲ ಅನ್ನೋದು ಬಾಗ್ಲಾ ಇದ್ದಂಗ್ರಿ. ಮುಂದ ಮಾಡಿರ್ತಾರ, ಚಿಲಕ ಹಾಕಿರಂಗಿಲ್ಲ” ಎನ್ನುತ್ತಾರೆ ಮೆಹನಾಜ.

ಹಾಗಂತ ಮೂರು ಸಲ ಕೇಳಿದರೆ ಎಲ್ಲರೂ ಕತೆ ಕಟ್ಟುತ್ತಾರೆಂದಲ್ಲ. ಮಾಗಳದ ಹೊಲದಲ್ಲಿ ಕಳೆ ಕೀಳುವ ಎರ್ರಮ್ಮ ಮೂರನೇ ಸಲಕ್ಕೆ ಗದರಿಸಿಯೇ ಬಿಟ್ಟರಂತೆ: “ಇಲ್ಲ ಅಂದ್ರ ಇಲ್ಲ! ಎಮ್ಮಿ ನೀರಾಗ ನಿಂತಂಗ ನಿಂತಿದ್ನಿ.” ಮೆಹನಾಜ ಅದನ್ನೂ ಹಾಗೆಯೇ ಬರೆದರು, ಒಳಗೆ ಏನೂ ಇರಲಿಲ್ಲ ಎಂದು. ಇದಕ್ಕಿಂತ ಪ್ರಾಮಾಣಿಕವಾದ ಸಂಶೋಧನೆ ಯಾವುದು, ನನಗಂತೂ ಗೊತ್ತಿಲ್ಲ.

ಅಧ್ಯಯನ ಇನ್ನೂ ನಡೆಯುತ್ತಿರುವಾಗಲೇ ಕಳೆದ ತಿಂಗಳು ವರದಿಯ ಕರಡು ಬಂತು. ಉಳಿದ ಸಹಾಯಕರು ನಿಯಮದಂತೆ ಒಂದೇ ಸಲ ಕೇಳಿ ತಂದ ‘ಏನಿಲ್ಲ’ಗಳನ್ನೆಲ್ಲ ಗುಡ್ಡೆ ಹಾಕಿ, ಮೈಮುರಿದು ದುಡಿಯುವ ಹೆಂಗಸರಲ್ಲಿ ಆಂತರಿಕ ಅನುಭವ ವಿರಳ ಎಂದು ಅದರಲ್ಲಿ ಬರೆದಿದ್ದಾರೆ. ಮೆಹನಾಜ ತೋರಿಸಿದಾಗ ಓದಿ ನನ್ನ ಮೈ ಉರಿಯಿತು. ಇವರ ಬೆವರು ಸಾಲದೆಂದು ಈಗ ಇವರ ತಲೆಯೂ ಖಾಲಿ ಎಂದು ಶಾಸ್ತ್ರ ಹೇಳಬೇಕೇ? ನಾಳೆ ಇದು ಅಚ್ಚಾಗುತ್ತದೆ. ನಾಡಿದ್ದು ಯಾರೋ ಪಾಠ ಮಾಡುತ್ತಾರೆ, ಅಂಜಿನಕ್ಕನ ಮೊಮ್ಮಕ್ಕಳೇ ಕೂತು ಅದನ್ನು ಉರು ಹೊಡೆಯುತ್ತಾರೆ.

ಈ ತೀರ್ಮಾನಕ್ಕೆ ಅಡ್ಡ ನಿಂತಿರುವುದು ಮೆಹನಾಜರ ಬರಹ ಮಾತ್ರ. ಅದನ್ನು ಕೈಬಿಡಲು ಅವರ ಒಪ್ಪಿಗೆ ಬೇಕು. ಅದಕ್ಕಾಗಿ ಯೋಜನೆಯ ಮೇಲ್ವಿಚಾರಕ ಗುರುಬಸವರಾಜ ಮೊನ್ನೆ ಅವರ ಮನೆಗೇ ಬಂದಿದ್ದರು. ‘ನಾನು ನಿಯಮ ಮೀರಿ ಕೇಳಿದ್ದೇನೆ, ನನ್ನ ಬರಹವನ್ನು ಕೈಬಿಡಬಹುದು’ ಎಂಬ ಕಾಗದಕ್ಕೆ ಸಹಿ ಹಾಕಬೇಕು, ಹಾಕಿದರೆ ಮುಂದಿನ ಸುತ್ತಿನಲ್ಲೂ ಕೆಲಸ ಉಂಟು. ತಾಯಿ ದಾವಲ್ ಬೀ ಚಹಾ ತಂದರು. “ಬೇಡಮ್ಮ, ಈಗಷ್ಟೇ ಆಯ್ತು” ಎಂದರು ಸಾಹೇಬರು. ಇನ್ನೊಮ್ಮೆ ಹೇಳಿದರೂ ಬೇಡವೆಂದರು. ಮೂರನೇ ಸಲಕ್ಕೆ ಕಪ್ಪು ಎತ್ತಿಕೊಂಡರು.

“ನಮ್ಮಮ್ಮ ಒಂದೇ ಸಲ ಕೇಳಿದ್ರ ನಿಮಗ ಚಾದ ಆಸೀನ ಇಲ್ಲ ಅಂತ ಬರೀಬೇಕಿತ್ತಲ್ರಿ ಸಾರ್?” ಎಂದು ಮೆಹನಾಜ ಕೇಳಿದ್ದಾರೆ.

ಸಾಹೇಬರಿಗೆ ನಾಚಿಕೆಯಾಗಲಿಲ್ಲ. ಜೋರಾಗಿ ನಕ್ಕು, “ಚಹಾ ಬೇರೆ, ವಿಜ್ಞಾನ ಬೇರೆ” ಎಂದು ಕಪ್ಪು ಖಾಲಿ ಮಾಡಿ, ಕಾಗದ ಅಲ್ಲೇ ಬಿಟ್ಟು ಹೋದರು. ಮನುಷ್ಯರ ಮಾತಿಗಿಂತ ನಿಯಮವೇ ದೊಡ್ಡದಾಯಿತು; ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇಂಥದ್ದಕ್ಕೇ ಇರಬೇಕು.

ಸಹಿಗೆ ಇವತ್ತೇ ಕಡೆಯ ದಿನ. ಭಟ್ಟಿಯ ಕೆಲಸ ಮುಗಿದು ಹೊರಗೆ ಬಿಸಿಲು ಬಿದ್ದಿದೆ. ಇಷ್ಟು ದಿನ ಮುಚ್ಚಿಟ್ಟಿದ್ದ ಸಂಗತಿಯನ್ನು ಮೆಹನಾಜ ಈಗ ಅಂಜಿನಕ್ಕನಿಗೆ ಹೇಳುತ್ತಾರೆ. ಕರಡಿನಲ್ಲಿ ಏನಿದೆ, ಸಾಹೇಬರು ಏನು ಕೇಳಿದ್ದಾರೆ, ಎಲ್ಲವನ್ನೂ.

ಅಂಜಿನಕ್ಕ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಾರೆ. “ನನ್ನ ತಲಿ ಖಾಲಿ ಅಂತ ಬರದಾರ?”

“ಹೂನಕ್ಕ.”

“ಬರ್ಕ ಹಂಗಾರ. ಸಿಟ್ಟು ಐತಿ. ಇಲ್ಲಿ, ಗಂಟಲದಾಗ, ಕೆಂಡ ನುಂಗಿದಂಗ ಐತಿ. ನಮ್ಮವ್ವನ ಕೈ ಯಾರೋ ಕಡದು ಒಗದಂಗ ಆಗೇತಿ. ಬರಿ!”

“ಯಂತ್ರ ಕೂಗಿಲ್ಲಕ್ಕ. ಇದು ಲೆಕ್ಕಕ್ಕ ಬರಂಗಿಲ್ಲ.”

“ಯಾರ ಲೆಕ್ಕಕ್ಕ?”

ಮೆಹನಾಜ ಮತ್ತೆ ಪುಸ್ತಕ ಬಿಚ್ಚಿ ಬರೆದುಕೊಳ್ಳುತ್ತಾರೆ. ಬರೆದು ಮುಗಿಸಿ, ಅಲ್ಲೇ ಮಂಡಕ್ಕಿ ಚೀಲಗಳ ನಡುವೆ ನಿಂತು ಗುರುಬಸವರಾಜರಿಗೆ ಫೋನ್ ಹಚ್ಚುತ್ತಾರೆ.

“ಸಹಿ ಹಾಕಂಗಿಲ್ರಿ ಸಾರ್. ಬೇಕಾದ್ರ ಕೆಲಸದಾಗಿಂದ ನನ್ನ ತೆಗೀರಿ. ಅಂಜಿನಕ್ಕನ ಮಾತು ಮಾತ್ರ ತೆಗೀಬ್ಯಾಡ್ರಿ.”