ದಯಾನಂದನ ಪಾಲಿಗೆ ಬಾರದ ಚಿರತೆ

ಠಾಣೆಯ ವರ್ತಕ ನಗರದಲ್ಲಿ ದಯಾನಂದನನ್ನು ಬಲ್ಲವರು ಅವನ ಬಗ್ಗೆ ಎರಡು ಮಾತು ಹೇಳುತ್ತಿದ್ದರು. ಒಂದು, ಇಪ್ಪತ್ತು ವರ್ಷ ಸ್ಟೀರಿಂಗ್ ಹಿಡಿದರೂ ಒಂದು ಕೋಳಿಯ ಮೇಲೂ ಚಕ್ರ ಹತ್ತಿಸಿದವನಲ್ಲ. ಇನ್ನೊಂದು, ಅವನೆದುರು ಜಯಶೀಲನ ಚಿರತೆಯ ಸುದ್ದಿ ಎತ್ತಬಾರದು. ಮೊದಲನೆಯದನ್ನು ಅವನೇ ಹೇಳಿಕೊಳ್ಳುತ್ತಿದ್ದ. ಎರಡನೆಯದು ಅವನ ಮುಖ ನೋಡಿದರೆ ಯಾರಿಗಾದರೂ ತಿಳಿಯುತ್ತಿತ್ತು.

ಇಬ್ಬರೂ ಬೆಳ್ಮಣ್ ಕಡೆಯವರು, ಒಂದೇ ವರ್ಷ ಮುಂಬಯಿ ಬಸ್ಸು ಹತ್ತಿದವರು. ಠಾಣೆಯ ಬಳಿಯ ದಿವಾದ ಒಂದು ಹೋಟೆಲಿನ ಅಟ್ಟದಲ್ಲಿ ಚಾಪೆಗೆ ಚಾಪೆ ತಾಗಿಸಿ ಮಲಗಿ, ಬೆಳಗ್ಗೆ ಲೋಟ ತೊಳೆದು, ಮಧ್ಯಾಹ್ನದ ಬಿಡುವಿನಲ್ಲಿ ಹೋಟೆಲಿನ ಟೆಂಪೊದಲ್ಲೇ ಡ್ರೈವಿಂಗ್ ಕಲಿತರು. ಕಲಿಯುವಾಗಲೇ ದಯಾನಂದ ಮುಂದು. ಅವನು ಗೇರು ಬದಲಾಯಿಸಿದ್ದು ಪಕ್ಕದಲ್ಲಿ ಕೂತವನಿಗೆ ಗೊತ್ತಾಗುತ್ತಿರಲಿಲ್ಲ. ಜಯಶೀಲನಿಗೆ ಕೈಕಾಲಿಗಿಂತ ಬಾಯಿ ಚುರುಕು. ಕನ್ನಡ ಸಂಘದ ತಾಳಮದ್ದಳೆಯಲ್ಲಿ ಅರ್ಥ ಹೇಳುವವನು ಅವನು. ಸತ್ತು ಬಿದ್ದ ಪಾತ್ರಕ್ಕೂ ಇನ್ನೊಂದು ಹತ್ತು ನಿಮಿಷ ಮಾತು ಹುಟ್ಟಿಸಬಲ್ಲ. ಆದರೂ ಹಲವು ವರ್ಷ ದಯಾನಂದನಿಗೆ ಗೆಳೆಯನ ಮೇಲೆ ಪ್ರೀತಿಯೇ ಇತ್ತು. ತನಗಿಂತ ಸ್ವಲ್ಪ ಕಡಿಮೆ ಇರುವವರನ್ನು ಪ್ರೀತಿಸುವುದು ಸುಲಭ, ಅದಕ್ಕೆ.

ಎರಡು ಸಾವಿರದ ಎಂಟರ ಡಿಸೆಂಬರಿನಲ್ಲಿ ಆ ಪ್ರೀತಿ ಕೆಟ್ಟಿತು. ಮುಂಜಾನೆ ಐದೂವರೆಗೆ ಕಾಡಂಚಿನ ಘೋಡ್‌ಬಂದರ್ ರಸ್ತೆಯಲ್ಲಿ ಜಯಶೀಲ ತರಕಾರಿ ಟೆಂಪೊ ಓಡಿಸಿಕೊಂಡು ಬರುತ್ತಿದ್ದಾಗ ಡಿವೈಡರಿನ ಆಚೆಯಿಂದ ಚಿರತೆಯೊಂದು ನೆಗೆದು ನೇರವಾಗಿ ಬಾನೆಟ್ಟಿನ ಮೇಲೆ ಬಿತ್ತು. ಗಾಜಿನ ಆಚೆ ಅದರ ಮುಖ, ಈಚೆ ಜಯಶೀಲನ ಮುಖ. ನಾಲ್ಕು ಸೆಕೆಂಡು. ಅದು ಇಳಿದು ಗುಡ್ಡದ ಕಡೆ ಹೋಯಿತು. ನಡೆದದ್ದು ಇಷ್ಟೇ. ಜಯಶೀಲನ ಬಾಯಲ್ಲಿ ಅದು ನಲವತ್ತು ನಿಮಿಷ ನಡೆಯುತ್ತಿತ್ತು.

ಮರಾಠಿ ಪತ್ರಿಕೆಯಲ್ಲಿ ಅವನ ಫೋಟೊ ಬಂತು, ತಗ್ಗಿದ ಬಾನೆಟ್ಟಿನ ಮೇಲೆ ಕೈಯೂರಿ ನಿಂತದ್ದು. ಊರಿನವರಿಗೆ ಪಿಲಿಚಾಮುಂಡಿ ಹುಲಿಯ ದೈವವಲ್ಲವೇ, ಸಂಘದ ಹಿರಿಯರು ಚಿರತೆಯನ್ನೂ ಅದೇ ಲೆಕ್ಕಕ್ಕೆ ಸೇರಿಸಿಬಿಟ್ಟರು. ದೈವವೇ ಜಯಶೀಲನ ಮುಖ ನೋಡಿ ಬಿಟ್ಟುಹೋಗಿದೆ ಎಂದರು. ವಾರ್ಷಿಕೋತ್ಸವದಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ. ದಯಾನಂದ ಮೂರನೆಯ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ. ಮನೆಗೆ ಬಂದು ಊಟ ಬೇಡವೆಂದ.

ಶಾಲು ಹಾಳಾಗಿ ಹೋಗಲಿ, ಅದನ್ನು ಅವನು ನುಂಗಿಕೊಳ್ಳುತ್ತಿದ್ದ. ಅವನ ಹೊಟ್ಟೆಗೆ ಬೆಂಕಿ ಬಿದ್ದದ್ದು ಮಗಳಿಂದ. ರಮಿತಾಳಿಗೆ ಆಗ ಹನ್ನೆರಡು. ಇಲ್ಲೇ ಹುಟ್ಟಿ ಬೆಳೆದವಳು. ಮನೆಯ ತುಳುವೂ ಸಂಘದ ಕನ್ನಡವೂ ಅರ್ಥವಾಗುತ್ತಿದ್ದವು, ಉತ್ತರ ಮಾತ್ರ ಹಿಂದಿಯಲ್ಲಿ. ಅಪ್ಪ ಡ್ಯೂಟಿ ಮುಗಿಸಿ ಬಂದು ದಾರಿಯ ಸುದ್ದಿ ಹೇಳಹೊರಟರೆ "ಪಪ್ಪ, ಬಾದ್ ಮೇ ಬೋಲೋ ನಾ" ಎಂದು ಟಿವಿ ಕಡೆ ತಿರುಗುವಳು. ಅದೇ ಹುಡುಗಿ ಭಾನುವಾರ ಜಯಶೀಲ ಬಂದು ಚಿರತೆ ಬಿಚ್ಚಿದ ಕೂಡಲೇ ಟಿವಿ ಆರಿಸಿ ಅವನ ಕಾಲಬುಡದಲ್ಲಿ ಕೂರುತ್ತಿದ್ದಳು. ಅವನ ತಾಳಮದ್ದಳೆಯ ಕನ್ನಡ ಅವಳಿಗೆ ಎಲ್ಲಿ ಅರ್ಥವಾಗಬೇಕು? ಆಗುತ್ತಿತ್ತು. ನಗಬೇಕಾದಲ್ಲಿ ನಗುತ್ತಿದ್ದಳು, ಹೆದರಬೇಕಾದಲ್ಲಿ ಮೊಣಕಾಲು ಅಪ್ಪಿಕೊಳ್ಳುತ್ತಿದ್ದಳು. ದಯಾನಂದ ಅಡುಗೆಮನೆಯ ಬಾಗಿಲಲ್ಲಿ ನಿಂತು ಇದನ್ನು ನೋಡುತ್ತಿದ್ದ. ತನ್ನ ಮಗಳು ತನ್ನ ಕಡೆ ಒಂದು ಸಲವೂ ಹೀಗೆ ಮುಖವೆತ್ತಿ ನೋಡಿದ್ದಿಲ್ಲ. ಅವನಿಗೆ ಅಳು ಬರುತ್ತಿತ್ತು, ಜಯಶೀಲನ ತಟ್ಟೆಯಿಂದ ನೀರುದೋಸೆ ಕಿತ್ತುಕೊಳ್ಳಬೇಕೆನ್ನಿಸುತ್ತಿತ್ತು.

ಹಾಗಾಗಿ ದಯಾನಂದ ಚಿರತೆ ಹುಡುಕಲು ಹೊರಟ. ನಗಬೇಡಿ. ರಜೆಯ ದಿನ ಮುಂಜಾನೆ ಐದಕ್ಕೆ ಎದ್ದು, ಹಾಲು ತರುತ್ತೇನೆಂದು ಹೆಂಡತಿ ಲೋಲಾಕ್ಷಿಗೆ ಸುಳ್ಳು ಹೇಳಿ, ಸ್ಕೂಟರಿನಲ್ಲಿ ಘೋಡ್‌ಬಂದರ್ ರಸ್ತೆಗೆ ಹೋಗುತ್ತಿದ್ದ. ಜಯಶೀಲ ಹೇಳಿದ ಜಾಗದಲ್ಲಿ ವೇಗ ತಗ್ಗಿಸಿ, ಒಮ್ಮೆ ಆಚೆ, ಒಮ್ಮೆ ಈಚೆ. ನಾಯಿಗಳು ಸಿಕ್ಕವು. ಯೇವೂರಿನ ತಿರುವಿನಲ್ಲಿ ಮಂಗವೊಂದು ಹಾಲಿನ ಪ್ಯಾಕೆಟ್ಟು ಕಿತ್ತುಕೊಂಡು ಹೋಯಿತು. ಡ್ಯೂಟಿಯಲ್ಲಿದ್ದಾಗ ಕಲ್ಯಾಣ್‌ಶೀಲ್ ರಸ್ತೆಯಲ್ಲಿ ಎಮ್ಮೆಯೊಂದು ನಡುರಸ್ತೆಯಲ್ಲಿ ಮಲಗಿ, ಎದ್ದು, ಅವನು ಓಡಿಸುತ್ತಿದ್ದ ಬಸ್ಸಿನ ಬಂಪರಿಗೆ ಬೆನ್ನು ತಿಕ್ಕಿ, ಲೈಟು ಒಡೆದು ಹೋಯಿತು. ಅದನ್ನು ಅವನು ಮನೆಯಲ್ಲಿ ಆದಷ್ಟು ಬಣ್ಣ ಕಟ್ಟಿ ಹೇಳಿದ. ಲೋಲಾಕ್ಷಿ ಕೇಳಿದ್ದು ಒಂದೇ ಮಾತು: "ಹಾಲು ಕೊಡುವ ಎಮ್ಮೆಯಾ?"

ಹೀಗೆ ಐದು ವರ್ಷ ಕಳೆದವು. ದಯಾನಂದ ಈಗ ಬೇಲಾಪುರದ ಕಚೇರಿಗಳಿಗೆ ನೌಕರರನ್ನು ಒಯ್ಯುವ ಖಾಸಗಿ ಬಸ್ಸಿನ ಡ್ರೈವರ್. ರಮಿತಾ ಕಾಲೇಜಿಗೆ ಸೇರಿದಳು. ಜಯಶೀಲನ ಚಿರತೆ ಮಾತ್ರ ಮುಪ್ಪಾಗಲಿಲ್ಲ.

ಎರಡು ಸಾವಿರದ ಹದಿನಾಲ್ಕರ ಜೂನ್, ಮೊದಲ ಮಳೆ ಬಿದ್ದು ಎರಡು ದಿನ. ಹಿಂದಿನ ರಾತ್ರಿ ಬಸ್ಸು ಖಾಡಿಯ, ಅಂದರೆ ಕಡಲ ಹಿನ್ನೀರಿನ, ಬದಿಯ ಪಾಳು ಜಾಗದಲ್ಲಿ ನಿಂತಿತ್ತು. ಬೆಳಗ್ಗೆ ಒಂಬತ್ತರ ಹೊತ್ತಿಗೆ, ಮೂವತ್ತು ಜನರನ್ನು ಕೂರಿಸಿಕೊಂಡು ನೆರೂಳ್ ಸಮೀಪ ಮೇಲ್ಸೇತುವೆ ಇಳಿಯುತ್ತಿದ್ದಾಗ, ಮುಂದೆ ವಾಹನಗಳು ಕಟ್ಟಿಕೊಂಡದ್ದರಿಂದ ದಯಾನಂದ ಬ್ರೇಕು ಒತ್ತಿದ. ಎಡಗಾಲಿನ ಮೇಲೆ ತಣ್ಣಗೆ ಏನೋ ಹರಿಯಿತು. ಸೀಟಿನಡಿಯ ಹಗ್ಗವಿರಬೇಕೆಂದು ಕೆಳಗೆ ನೋಡಿದ. ಗೇರಿನ ಪಕ್ಕದಲ್ಲಿ ನಾಗರಹಾವು ಹೆಡೆ ಎತ್ತಿ ನಿಂತಿತ್ತು.

ಬೇರೆ ಯಾರೇ ಆಗಿದ್ದರೂ ಬಾಗಿಲು ತೆರೆದು ಹಾರುತ್ತಿದ್ದರು. ದಯಾನಂದ ಹಾರುವಂತಿರಲಿಲ್ಲ. ಬಸ್ಸಿನ ಹ್ಯಾಂಡ್‌ಬ್ರೇಕು ಹೆಸರಿಗಷ್ಟೇ ಇತ್ತು. ಮಾಲೀಕನಿಗೆ ಮೂರು ತಿಂಗಳಿಂದ ಹೇಳಿ ಸಾಕಾಗಿತ್ತು. ಕಾಲು ತೆಗೆದರೆ ಇಳಿಜಾರಿನಲ್ಲಿ ಬಸ್ಸು ಮುಂದಿನ ರಿಕ್ಷಾಗಳ ಮೇಲೆ ಉರುಳುತ್ತದೆ. ಅವನು ಎಂಜಿನ್ ಆರಿಸಿ, ಕತ್ತು ತಿರುಗಿಸದೆ, "ಸಬ್ ಲೋಗ್ ಪೀಛೆ ಸೇ ಉತರೋ. ಧೀರೇ ಸೇ. ಆಗೇ ಸಾಂಪ್ ಹೈ" ಎಂದು ಎಲ್ಲರನ್ನೂ ಹಿಂದಿನ ಬಾಗಿಲಿನಿಂದ ಇಳಿಸಿದ. ಆಮೇಲೆ ಮಾಡಿದ್ದು ನಮ್ಮ ಕಡೆಯವರು ಮಾತ್ರ ಮಾಡುವ ಎಡವಟ್ಟು. ನಾಗನ ಮುಂದೆ ಚಪ್ಪಲಿ ಹಾಕಿ ಕೂತಿದ್ದೇನಲ್ಲ ಎಂಬುದು ಅವನಿಗೆ ಆ ಗಳಿಗೆಯಲ್ಲಿ ನೆನಪಾಯಿತು. ಎಡಗಾಲಿನ ಚಪ್ಪಲಿಯನ್ನು ಮೆಲ್ಲನೆ ಜಾರಿಸಿ, ಬರಿಗಾಲನ್ನು ಹೆಡೆಗೆ ಒಂದು ಗೇಣಿನ ದೂರದಲ್ಲಿ ಇಟ್ಟುಕೊಂಡ. ಬ್ರೇಕಿನ ಮೇಲಿದ್ದ ಬಲಗಾಲಿನ ಚಪ್ಪಲಿಗಾಗಿ ತುಳುವಿನಲ್ಲಿ ಕ್ಷಮೆ ಕೇಳಿದ.

ಇಳಿದವರಲ್ಲಿ ಯೋಗೀಶ್ ಎಂಬವನು ಇದೇ ಸಂಘದ ಸದಸ್ಯ. ಅವನು ಓಡಿಹೋಗಿ ಚಕ್ರಗಳಿಗೆ ಅಡ್ಡ ಕೊಡಲು ಕಲ್ಲು ಹುಡುಕತೊಡಗಿದ. ಇನ್ನೊಬ್ಬ ಕೊಡೆ ಹಿಡಿದು ಹೊಡೆಯಲು ಬಂದಾಗ ದಯಾನಂದ ಬೆಳಗ್ಗಿನಿಂದ ಮೊದಲ ಬಾರಿಗೆ ಗಟ್ಟಿಯಾಗಿ ಕೂಗಿದ: "ಮಾರೋ ಮತ್! ಕೋಯಿ ಹಾಥ್ ನಹೀ ಲಗಾಯೇಗಾ!" ಹಾವು ಅವನನ್ನೇ ನೋಡುತ್ತಿತ್ತು. ಅವನ ಮೊಣಕಾಲು ತಡೆಯಲಾಗದಂತೆ ನಡುಗುತ್ತಿತ್ತು, ಕಣ್ಣಿನಿಂದ ನೀರು ಇಳಿದು ಮೀಸೆ ಒದ್ದೆಯಾಯಿತು. ರಮಿತಾಳ ಮುಖ ಒಮ್ಮೆ ಕಣ್ಣ ಮುಂದೆ ಬಂತು. ಹದಿನೈದು ನಿಮಿಷ ಹಾಗೆಯೇ ಕೂತ. ಚಕ್ರಗಳಡಿ ಕಲ್ಲು ಬಿತ್ತು, ಹಾವು ಡ್ಯಾಶ್‌ಬೋರ್ಡಿನ ಅಡಿಗೆ ಸರಿಯಿತು, ಅವನು ಇಳಿದು ರಸ್ತೆಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಹಾವು ಹಿಡಿಯುವ ಸರ್ಪಮಿತ್ರನೊಬ್ಬ ಬಂದು ಅದನ್ನು ಚೀಲದಲ್ಲಿ ಹಾಕಿಕೊಂಡು ಹೋಗುವವರೆಗೆ ಎದ್ದು ನಿಲ್ಲಲಾಗಲಿಲ್ಲ.

ಆದರೆ ಸಂಜೆ ಮನೆಗೆ ಮರಳುವಾಗ ಅವನ ಮೈಯಲ್ಲಿ ಹೊಸ ರಕ್ತ ಓಡುತ್ತಿತ್ತು. ಚಿರತೆಗೆ ನಾಲ್ಕು ಸೆಕೆಂಡು, ನಡುವೆ ಗಾಜು. ತನಗೆ ಹದಿನೈದು ನಿಮಿಷ, ನಡುವೆ ಏನೂ ಇಲ್ಲ. ದಾರಿಯುದ್ದಕ್ಕೂ ಕತೆಯನ್ನು ಜೋಡಿಸಿದ: ಎಲ್ಲಿಂದ ಶುರು, ಎಲ್ಲಿ ನಿಲ್ಲಿಸುವುದು, ಚಪ್ಪಲಿಯ ಮಾತು ಯಾವಾಗ. ಅತ್ತದ್ದನ್ನೂ ಹೇಳುವುದೆಂದು ತೀರ್ಮಾನಿಸಿದ, ಅದು ನಿಜವಾದ್ದರಿಂದ. ಮಹಡಿ ಹತ್ತುವಾಗ ಜಯಶೀಲನ ಬಗ್ಗೆ ಅವನಿಗೆ ಸ್ವಲ್ಪ ಕನಿಕರವೂ ಬಂತು.

ರಮಿತಾ ನಡುಮನೆಯಲ್ಲೇ ಇದ್ದಳು. ದಯಾನಂದ ಕೈಕಾಲು ತೊಳೆಯದೆ ಎದುರು ಕೂತ. "ಮಗಾ, ಇವತ್ತು ಬಸ್ಸಿನಲ್ಲಿ ನನಗೆ ನಾಗ..." ಎಂದನೋ ಇಲ್ಲವೋ, ಲೋಲಾಕ್ಷಿ ಅಡುಗೆಮನೆಯಿಂದ ಓಡಿಬಂದು ಒದ್ದೆ ಕೈಯಿಂದ ಅವನ ಬಾಯಿ ಮುಚ್ಚಿದಳು.

"ಎಂತ ಹೇಳ್ತಿದ್ದೀರಿ ನೀವು? ನಾಗ ಕಾಣಿಸಿಕೊಂಡದ್ದನ್ನು ಹೀಗೆ ಬಾಯಿಗೆ ಬಂದ ಹಾಗೆ ಹೇಳುವುದುಂಟಾ? ಮೂಲದ ನಾಗಬನಕ್ಕೆ ಹೋಗಿ ತಂಬಿಲದ ಪೂಜೆ ಕೊಡುವವರೆಗೆ ನೋಡಿದವರು ತುಟಿ ಬಿಚ್ಚಬಾರದು. ನಮ್ಮ ಮನೆಯಲ್ಲಿ ಹಾಗೆಯೇ."

"ಸ್ವಲ್ಪ ಹೇಳ್ತೇನೆ ಮಾರಾಯ್ತಿ..."

"ಮಗಳ ತಲೆ ಮೇಲೆ ಆಣೆ!"

ಊರಿಗೆ ಫೋನು ಹೋಯಿತು. ಅತ್ತೆ ಪುಷ್ಪಾವತಿ ಆ ಕಡೆಯಿಂದ ಮಗಳ ಮಾತನ್ನೇ ಇನ್ನಷ್ಟು ಗಟ್ಟಿಯಾಗಿ ಹೇಳಿದರು. ನಾಗರಪಂಚಮಿಗೆ ಊರಿಗೆ ಹೋಗಿ, ಬನದಲ್ಲಿ ಹಾಲೆರೆದು ತಂಬಿಲ ಕೊಡುವವರೆಗೆ ಅಳಿಯನ ಬಾಯಿಗೆ ಬೀಗ. ಇನ್ನೂ ಒಂದೂವರೆ ತಿಂಗಳು. ರಮಿತಾ "ಕ್ಯಾ ಹುವಾ?" ಎಂದು ಒಮ್ಮೆ ಕೇಳಿದಳು. ಮತ್ತೆ ಮೊಬೈಲಿಗೆ ಮರಳಿದಳು. ದಯಾನಂದ ರಾತ್ರಿ ಊಟಕ್ಕೆ ಕೂತರೂ ತುತ್ತು ಇಳಿಯಲಿಲ್ಲ. ಐದು ವರ್ಷ ಹುಡುಕಿದ್ದು ಕಾಲಬುಡಕ್ಕೇ ಬಂದಿತ್ತು, ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಅನ್ನ ಎಲ್ಲಿಗೆ ಹೋಗಬೇಕು?

ಭಾನುವಾರ ಜಯಶೀಲ ಬಂದ. ಮೆಟ್ಟಿಲಿನಿಂದಲೇ ಅವನ ಗಂಟಲು ಕೇಳಿಸಿತು: "ಎಲ್ಲುಂಟು ನಮ್ಮ ದಯಾನಂದ? ಯೋಗೀಶ್ ಎಲ್ಲ ಹೇಳಿದ ನನಗೆ!" ಅವನು ಒಳಗೆ ಬಂದು ಗೆಳೆಯನನ್ನು ಗಟ್ಟಿಯಾಗಿ ಅಪ್ಪಿಕೊಂಡ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಅದು ದಯಾನಂದನಿಗೆ ಇನ್ನೂ ಸಿಟ್ಟು ತರಿಸಿತು. ಹೊಟ್ಟೆಕಿಚ್ಚಿಗಾದರೂ ಒಂದು ಒಳ್ಳೆಯ ಕಾರಣ ಕೊಡಬಾರದೇ ಈ ಮನುಷ್ಯ?

"ಅತ್ತಿಗೆ, ಇವನು ಹೇಳಬಾರದು ಸರಿ. ನಾನು ಹೇಳಬಹುದಲ್ಲ?" ಎಂದ ಜಯಶೀಲ, ಬಾಯಿಗೆ ಬಿದ್ದ ಬೀಗದ ವಿಷಯ ಅವಳಿಂದ ತಿಳಿದ ಮೇಲೆ.

ಲೋಲಾಕ್ಷಿ ಯೋಚಿಸಿದಳು. "ನೋಡಿದವರು ಹೇಳಬಾರದು, ಅಷ್ಟೇ. ನೀವು ನೋಡಿಲ್ಲವಲ್ಲ" ಎಂದಳು.

ದಯಾನಂದ ಅವಳ ಮುಖ ನೋಡಿದ. ಅವಳು ದೋಸೆ ತರಲು ಒಳಗೆ ಹೋದಳು.

ಜಯಶೀಲ ಕುರ್ಚಿಯ ಅಂಚಿಗೆ ಬಂದು ಕೂತ. "ರಮಿತಾ, ನಿನ್ನ ಪಪ್ಪ ಅಂದರೆ ಯಾರು ಅಂತ ಮಾಡಿದ್ದೀ? ಕೇಳು. ಆಕಾಶಕ್ಕೆ ಕರಿಮೋಡ ಕವಿದಿದೆ. ಸೇತುವೆಯ ತುದಿಯಲ್ಲಿ ರಥ ನಿಂತಿದೆ. ಮೂವತ್ತು ಪ್ರಾಣ ಒಬ್ಬನ ಪಾದದಡಿಯಲ್ಲಿ. ಆಗ ಭೂಮಿಯ ಒಳಗಿನಿಂದ ಬಂದ ಹಾಗೆ ಒಂದು ಬುಸ್ಸು..."

ರಮಿತಾಳ ಮೊಬೈಲು ಮಡಿಲಿಗೆ ಇಳಿಯಿತು. ಅಂದು ಮೋಡವಿರಲಿಲ್ಲ, ಬಿಸಿಲಿತ್ತು. ಹಾವು ಬುಸ್ಸೆನ್ನಲಿಲ್ಲ, ಸುಮ್ಮನೆ ನೋಡಿತು. ಮೂರಡಿಯದು ಏಳಡಿಯಾಯಿತು. ಚಪ್ಪಲಿಯ ಮಾತು ಜಯಶೀಲನಿಗೆ ಗೊತ್ತೇ ಇರಲಿಲ್ಲ. ದಯಾನಂದನ ನಾಲಿಗೆ ಹಲ್ಲಿನ ಹಿಂದೆ ಒದ್ದಾಡಿತು. ತನ್ನ ಹಾವು, ತನ್ನ ಕಾಲು, ತನ್ನ ಮನೆ, ತನ್ನ ಮಗಳು. ಕತೆ ಮಾತ್ರ ಮತ್ತೆ ಇವನದು.

"ನಡುಗಿದನಾ ನಿನ್ನ ಪಪ್ಪ? ಇಲ್ಲ! ಕಣ್ಣಿಗೆ ಕಣ್ಣು ಕೊಟ್ಟು ಕೂತ, ಕಲ್ಲಿನ ಹಾಗೆ!"

ರಮಿತಾ ಅಪ್ಪನ ಕಡೆ ತಿರುಗಿದಳು. ಐದು ವರ್ಷ ಅವನು ಕಾದಿದ್ದ ಮುಖ ಅದು, ಪೂರ್ತಿಯಾಗಿ ತನ್ನ ಕಡೆಗೇ ಎತ್ತಿದ್ದು. "ಹೌದಾ ಪಪ್ಪ?" ಎಂದಳು, ಕನ್ನಡದಲ್ಲಿ. "ನಿಮಗೆ ಹೆದರಿಕೆ ಆಗ್ಲೇ ಇಲ್ವಾ?"

ಮಾತಾಡುವಂತಿರಲಿಲ್ಲ, ಆಣೆಯಿತ್ತು. ಆದರೆ ತಲೆಯಾಡಿಸಬಾರದೆಂದು ಯಾರೂ ಹೇಳಿರಲಿಲ್ಲ. ನಡುಗಿದ ಮೊಣಕಾಲು, ಒದ್ದೆಯಾದ ಮೀಸೆ ಎಲ್ಲ ಅವನಿಗೆ ನೆನಪಾದವು. ದಯಾನಂದ ಇಲ್ಲವೆಂದು ತಲೆಯಾಡಿಸಿದ.

ಮಗಳ ಕಣ್ಣು ಅರಳಿತು. ಅವಳು ಅವನ ಕೈಯನ್ನೊಮ್ಮೆ ಒತ್ತಿ, ಮರುಕ್ಷಣವೇ ಜಯಶೀಲನ ಕಡೆ ತಿರುಗಿ ಕೇಳಿದಳು: "ಆಮೇಲೆ ಏನಾಯ್ತು ಮಾಮ?"

ಜಯಶೀಲ ಬೇಕೆಂದೇ ಒಂದು ಗುಟುಕು ನೀರು ಕುಡಿದ. ದಯಾನಂದನಿಗೆ ಅವನ ಕತ್ತು ಹಿಸುಕಬೇಕೆನ್ನಿಸಿತು. ಆದರೂ ಆಮೇಲೆ ಏನಾಯಿತೆಂದು ತಿಳಿಯಲು, ಆ ಬಸ್ಸನ್ನು ಓಡಿಸಿದವನೂ ತನ್ನ ಕುರ್ಚಿಯನ್ನು ಒಂದಿಷ್ಟು ಮುಂದಕ್ಕೆ ಎಳೆದುಕೊಂಡ.