ಕುಂಕುಮ ಇಟ್ಟ ಮಡಕೆ

ಇದನ್ನು ಹೇಳುವುದನ್ನು ನಾನು ಮುಂದೂಡುತ್ತಲೇ ಬಂದಿದ್ದೇನೆ. ಚೀನಾ ಯುದ್ಧವಾದ ಮೇಲೆ ಅಂಬಾಜಿದುರ್ಗದ ತಪ್ಪಲಿನಲ್ಲಿ, ಗೃಹರಕ್ಷಕ ದಳಕ್ಕೆ ಸೇರಿದ್ದ ನಮಗೆ ರಿವಾಲ್ವರ್ ಕಲಿಸಲು ಒಬ್ಬ ವಯಸ್ಸಾದ ಹವಾಲ್ದಾರರು ಬರುತ್ತಿದ್ದರು.

ಬೆಳೆಗೆ ದೃಷ್ಟಿ ತಾಗದಿರಲೆಂದು ಹೊಲದಲ್ಲಿ ನಿಲ್ಲಿಸುವ ಮಡಕೆಗಳೇ ನಮಗೆ ಗುರಿ. ಸುಣ್ಣದಲ್ಲಿ ಕಣ್ಣು, ಮೀಸೆ ಬರೆದ ಮಡಕೆಗಳನ್ನು ಎಲ್ಲರಿಗಿಂತ ಬೇಗ ಒಡೆದವನೇ ಗೆದ್ದಂತೆ. ಆದರೆ ನಡುವೆ ಕಣ್ಣು ಬರೆದು ಕುಂಕುಮ ಇಟ್ಟ ಮಡಕೆಯೊಂದು ಇರುತ್ತಿತ್ತು. ಅದಕ್ಕೆ ಗುಂಡು ತಾಗಿದರೆ ಸೋಲು. ಅದನ್ನು ಇಡುವಾಗ ಹವಾಲ್ದಾರರು ಬಗ್ಗಿ, "ಹೆದರ್ಕೋಬೇಡಮ್ಮ, ನಮ್ಮ ಹುಡುಗ್ರೇ" ಎನ್ನುತ್ತಿದ್ದರು. ಉತ್ತರ ಕೇಳಿಸಿದಂತೆ ತಲೆಯಾಡಿಸುತ್ತಿದ್ದರು. ನಾವು ಯಾರೂ ನಗುತ್ತಿರಲಿಲ್ಲ. ಆಮೇಲೆ ನಮ್ಮ ಕಡೆ ತಿರುಗಿ ದಿನವೂ ಒಂದೇ ಮಾತು: "ಕೈ ಓಡ್ಲಿ ಕಣಪ್ಪ, ಕಣ್ಣು ನಿಂತಿರ್ಲಿ."

ಸ್ಪರ್ಧೆಯ ದಿನ ಸೀಟಿ ಊದಿದೊಡನೆ ಎಲ್ಲರಿಗಿಂತ ಬೇಗ ಮುಗಿಸಿದವನು ನಾನು. ನೋಡಿದರೆ ಕುಂಕುಮದ ಮಡಕೆಯೂ ಒಡೆದಿತ್ತು.

"ಏನಯ್ಯ ಇದು?" ಎಂದರು ದಳದ ಸಾಹೇಬರು.

"ಕುಂಕುಮ ಆ ಕಡೆಗಿತ್ತು ಸಾರ್. ಈ ಹವಾಲ್ದಾರ್ರೇ ತಿರುಗಿಸಿ ಇಟ್ಟಿದ್ರು" ಎಂದು ಸುಳ್ಳು ಹೇಳಿದೆ.

ಹವಾಲ್ದಾರರು ಮಡಕೆಯ ಬಳಿ ಹೋಗಿ ಕುಳಿತರು. ಚೂರುಗಳನ್ನು ಟವಲಿಗೆ ಆಯ್ದುಕೊಳ್ಳುತ್ತಾ, "ನೋಯ್ತೇನಮ್ಮ?" ಎಂದು ಕೇಳಿದರು. ಮಾರನೆಯ ದಿನದಿಂದ ಬರಬೇಡವೆಂದು ಸಾಹೇಬರು ಅವರಿಗೆ ಹೇಳಿದರು.

ಮಾರನೆಯ ಬೆಳಿಗ್ಗೆ ನಾನು ಎಲ್ಲರಿಗಿಂತ ಮೊದಲು ಅಲ್ಲಿಗೆ ಹೋದೆ. ಅದೇ ಮಡಕೆ ಅದೇ ಜಾಗದಲ್ಲಿ, ಚೂರಿಗೆ ಚೂರು ಅರಗಿನಿಂದ ಬೆಸೆದುಕೊಂಡು ನಿಂತಿತ್ತು. ಒಂದು ಕಣ್ಣಿದ್ದಲ್ಲಿ ತೂತು. ಕುಂಕುಮ ಇನ್ನೂ ಹಸಿ. ನಾನು ಯಾವ ಪಕ್ಕಕ್ಕೆ ಸರಿದರೂ ಅದರ ಮುಖ ನನ್ನ ಕಡೆಗೇ ಇತ್ತು.

ಆಮೇಲೆ ಹೊಲಗಳಲ್ಲಿ ಕಂಡ ಎಷ್ಟೋ ಮಡಕೆಗಳಿಗೆ ಕೈಮುಗಿದು ತಪ್ಪಾಯಿತು ಎಂದಿದ್ದೇನೆ. ಹಾಗೆಂದು ಹೇಳದೆ ಉಳಿದದ್ದು ಒಬ್ಬರಿಗೆ ಮಾತ್ರ, ಕಣ್ಣು ನಿಲ್ಲಿಸಲು ಕಲಿಸಿದ ಆ ಹವಾಲ್ದಾರರಿಗೆ.